ನೀಲಿ ಕಾರ್ಡಿನ ಹಿಂಬದಿ

ಆರಾಧನೆ ಮುಗಿದ ಮೇಲಿನ ಅರ್ಧ ಗಂಟೆಯೇ ಗುಂಡಿ ಅಕ್ಕನಿಗೆ ವಾರದ ಅತಿ ಉದ್ದದ ಹೊತ್ತು. ಹಾಡುವುದು ಸುಲಭ, ಪ್ರಾರ್ಥನೆ ಸುಲಭ, ಪಾಸ್ಟರು ಎಷ್ಟೇ ಎಳೆದರೂ ಬೋಧನೆ ಕೇಳಿಕೊಂಡು ಕೂರುವುದೂ ಸುಲಭ. ಅಲ್ಲಿ ಎಲ್ಲರ ಮುಖವೂ ಒಂದೇ ಕಡೆ ಇರುತ್ತದೆ, ಯಾರು ಯಾರ ಜೊತೆ ಬಂದವರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕಷ್ಟವಿರುವುದು ಚರ್ಚಿನ ಹಿಂದಿನ ದೊಡ್ಡ ಹಾಲಿನಲ್ಲಿ ಚಹಾ ಕೊಡುವಾಗ. ಜನ ಆಗ ಒಬ್ಬರ ಕಡೆ ಒಬ್ಬರು ತಿರುಗುತ್ತಾರೆ, ಮೂರು ಮೂರು, ನಾಲ್ಕು ನಾಲ್ಕು ಜನರ ಗುಂಪಾಗುತ್ತಾರೆ, ಗುಂಪಿನ ಹೊರಗಿನವರಿಗೆ ಕಾಣುವುದು ಬರೀ ಬೆನ್ನು.

ಗುಂಡಿ ಅಕ್ಕ ಮೂವತ್ತು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕಿದವಳು. ಸಭೆಯಲ್ಲಿ ಯಾರ ಅಂಗಿಯ ಗುಂಡಿ ಕಿತ್ತರೂ ಅವಳ ಹತ್ತಿರವೇ ಬರುತ್ತಿತ್ತು, ಹಾಗಾಗಿ ಆ ಹೆಸರು. ಅವಳ ಗಂಡ ಬದುಕಿದ್ದಾಗ ಈ ಹಾಲಿನಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ಅವನು ಮಾತಿನ ಮಲ್ಲ. ಪಾಸ್ಟರಿಂದ ಹಿಡಿದು ಗಾಯನ ಮಂಡಳಿಯ ಮುದುಕರವರೆಗೆ ಎಲ್ಲರ ಹೆಗಲ ಮೇಲೂ ಕೈ ಹಾಕಿ ನಗಿಸುತ್ತಿದ್ದ; ಇವಳು ಪಕ್ಕದಲ್ಲಿ ನಿಂತು ಮುಗುಳ್ನಗುತ್ತಿದ್ದಳು. ಅವನು ಹೋಗಿ ಎರಡು ವರ್ಷ. ಮೊದಲ ಮೂರು ತಿಂಗಳು ಎಲ್ಲರೂ ಬಂದು ಕೈ ಹಿಡಿದುಕೊಂಡರು. ಆಮೇಲೆ, ಪಾಪ, ಅವಳ ಹತ್ತಿರ ಏನು ಮಾತಾಡಬೇಕೆಂದೇ ಯಾರಿಗೂ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ.

ಹಾಗಾಗಿ ಅವಳು ಚಹಾದ ಕಪ್ಪು ಹಿಡಿದು ಸೂಚನಾ ಫಲಕದ ಮುಂದೆ ನಿಲ್ಲುತ್ತಿದ್ದಳು. ಓದುತ್ತಿರುವವರನ್ನು ಯಾರೂ ಒಂಟಿ ಎನ್ನುವುದಿಲ್ಲವಲ್ಲ. ಒಂದು ಕಪ್ಪನ್ನು ಅರ್ಧ ಗಂಟೆ ಎಳೆಯುವ ವಿದ್ಯೆ ಅವಳಿಗೆ ಚೆನ್ನಾಗಿ ಕೈಗೂಡಿತ್ತು: ತುಟಿ ತಾಗಿಸುವುದು, ಇಳಿಸುವುದು, ಇನ್ನೊಂದು ಸಾಲು ಓದುವುದು. ಫಲಕದ ತುಂಬ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಹಾಳೆಗಳು. ಗಾಯನ ಮಂಡಳಿಗೆ ಬೇಕು, ಆದರೆ ಅವಳ ದನಿಯನ್ನು ಹೊಲಿಗೆ ಯಂತ್ರ ಎಂದೋ ನುಂಗಿಹಾಕಿತ್ತು. ಭಾನುವಾರ ಶಾಲೆಗೆ ಬೇಕು, ಆದರೆ ಮಕ್ಕಳು ಪ್ರಶ್ನೆ ಕೇಳುತ್ತವೆ. ಚಹಾ ಮಾಡಲು ಬೇಕು ಎಂದು ಬರೆದಿತ್ತಾದರೂ ಅದೇ ಐದು ಹೆಂಗಸರು ಹತ್ತು ವರ್ಷದಿಂದ ಆ ಅಡುಗೆಮನೆಯಲ್ಲಿ ಪಾಳೆಯ ಹೂಡಿದ್ದರು. ಆರನೆಯವಳು ಒಂದು ಚಮಚ ಮುಟ್ಟಿದರೂ ಐದು ಜೊತೆ ಕಣ್ಣು ಅತ್ತಲೇ ತಿರುಗುತ್ತಿದ್ದವು. ಕೊನೆಯ ಹಾಳೆ ಹೊಸದು: ‘ಮನೆ ಭೇಟಿ. ನಮ್ಮ ಸಭೆಯ ಒಂಟಿ ಜನರನ್ನು ವಾರಕ್ಕೊಮ್ಮೆ ನೋಡಿಬರುವವರು ಹೆಸರು ಬರೆಯಿರಿ.’

ಅವಳು ಬರೆದಳು. ಬರೆಯುವಾಗ ಎದೆ ಸ್ವಲ್ಪ ಉಬ್ಬಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನೋಡಿಬರುವವರು ಬೇರೆ, ನೋಡಿಸಿಕೊಳ್ಳುವವರು ಬೇರೆ. ತಾನು ಮೊದಲ ಜಾತಿಯವಳು ಎಂದು ಕಪ್ಪುಮಸಿಯಲ್ಲಿ ಬರೆದು ಗೋಡೆಗೆ ತೂಗುಹಾಕಿದಂತಾಗಿತ್ತು.

ಈ ಸೇವೆಯ ಉಸ್ತುವಾರಿ ನಿವೃತ್ತ ಪೋಸ್ಟ್‌ಮಾಸ್ಟರರದು. ಸಭೆಯ ಕಾರ್ಯದರ್ಶಿಯಾದರೂ ಅವರ ಕೈ ಇನ್ನೂ ಕಾಗದ ವಿಂಗಡಿಸುವುದನ್ನು ಮರೆತಿರಲಿಲ್ಲ. ಅವರು ಅವಳಿಗೊಂದು ಮನೆ ನಂಬರು ಕೊಟ್ಟು, ಒಂದು ಕಟ್ಟು ನೀಲಿ ಕಾರ್ಡು ಕೊಟ್ಟರು.

“ಸಭೆಯವರು ಕಳಿಸಿದ್ರು ಅಂತ ಅಪ್ಪಿತಪ್ಪಿಯೂ ಬಾಯಿ ಬಿಡಬೇಡಿ. ಅವರಿಗೆ ನಾಚಿಕೆ ಆಗುತ್ತೆ. ದಾರೀಲಿ ಹೋಗ್ತಿದ್ದೆ, ನೋಡ್ಕೊಂಡು ಹೋಗೋಣ ಅಂತ ಬಂದೆ ಅನ್ನಿ. ಭಾನುವಾರ ಹಾಲಿನಲ್ಲೂ ಅವರ ಬೆನ್ನು ಹತ್ತಬೇಡಿ, ನಾಲ್ಕು ಜನಕ್ಕೆ ಗೊತ್ತಾಗಬಾರದು.”

“ಕಾರ್ಡು?”

“ಮುಂದುಗಡೆ ಎರಡು ಪ್ರಶ್ನೆ. ಹೇಗಿದ್ರು, ಏನು ಗಮನಿಸಿದ್ರಿ. ಹಿಂದುಗಡೆ ಒಂದೇ ಪ್ರಶ್ನೆ, ಇನ್ನೂ ಭೇಟಿ ಬೇಕೇ ಅಂತ. ಬೇಕು, ಬೇಡ, ಎರಡರಲ್ಲಿ ಒಂದನ್ನ ಹೊಡೆದುಹಾಕಿ ಪೆಟ್ಟಿಗೆಗೆ ಹಾಕಿ. ಬೇಡ ಅಂತ ಬಂದ್ರೆ ನಿಮಗೆ ಬೇರೆ ಮನೆ ಕೊಡ್ತೀನಿ.”

ಆ ಮನೆ ಟೆಲಿಫೋನ್ ಅಮ್ಮನದು. ಟೆಲಿಫೋನ್ ಕಚೇರಿಯಲ್ಲಿ ದೂರದ ಊರುಗಳ ಟ್ರಂಕ್ ಕರೆ ಜೋಡಿಸುತ್ತಿದ್ದವಳು, ಮದುವೆಯಾಗದೆ ಉಳಿದವಳು. ಗುಂಡಿ ಅಕ್ಕ ಅವಳನ್ನು ದೂರದಿಂದ ನೋಡಿದ್ದಳು: ಚಹಾದ ಹೊತ್ತಿನಲ್ಲಿ ಕಿಟಕಿಯ ಹತ್ತಿರ ನಿಂತು, ಯಾರೋ ಕರೆದೊಯ್ಯಲು ಬರುತ್ತಾರೇನೋ ಎಂಬಂತೆ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ಅಯ್ಯೋ ಪಾಪ, ಇವಳೇ ಇರಬೇಕು ಎಂದುಕೊಂಡು ಗುಂಡಿ ಅಕ್ಕ ಗುರುವಾರ ನಾಲ್ಕು ಗಂಟೆಗೆ ಬಾಗಿಲು ತಟ್ಟಿದಳು.

“ದಾರೀಲಿ ಹೋಗ್ತಿದ್ದೆ...”

“ಬನ್ನಿ ಬನ್ನಿ,” ಎಂದಳು ಟೆಲಿಫೋನ್ ಅಮ್ಮ, ಎಷ್ಟೋ ದಿನದಿಂದ ಕಾದಿದ್ದವಳ ಹಾಗೆ.

ಇಬ್ಬರಿಗೂ ಮಾತಿನ ಅಭ್ಯಾಸ ತಪ್ಪಿತ್ತು. ಟೆಲಿಫೋನ್ ಅಮ್ಮನಿಗಂತೂ ಮೂರು ನಿಮಿಷಕ್ಕೊಮ್ಮೆ ತಟ್ಟನೆ ನಿಲ್ಲಿಸಿ ಎದುರಿನವರ ಮುಖ ನೋಡುವ ಚಾಳಿ.

“ಯಾಕೆ ನಿಲ್ಲಿಸಿದ್ರಿ?”

“ಟ್ರಂಕ್ ಕರೇಲಿ ಮೂರು ನಿಮಿಷ ಆದ್ಮೇಲೆ ಮುಂದುವರಿಸಲಾ ಅಂತ ಕೇಳ್ಬೇಕಿತ್ತಲ್ಲ ನಾವು. ಆ ಅಭ್ಯಾಸ ಬಿಟ್ಟು ಹೋಗಿಲ್ಲ ನೋಡಿ.”

“ಮುಂದುವರಿಸಿ,” ಎಂದಳು ಗುಂಡಿ ಅಕ್ಕ. ಎರಡು ವರ್ಷದಲ್ಲಿ ತಾನು ಯಾರಿಗೂ ಆ ಮಾತು ಹೇಳಿರಲಿಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಮುಂದಿನ ಮಂಗಳವಾರ ಇವಳ ಮನೆಯ ಬಾಗಿಲು ತಟ್ಟಿದ ಸದ್ದು. ತೆರೆದರೆ ಟೆಲಿಫೋನ್ ಅಮ್ಮ, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ. “ದಾರೀಲಿ ಹೋಗ್ತಿದ್ದೆ, ಹಾಗೇ...” ಎಂದಳು.

ಗುಂಡಿ ಅಕ್ಕನಿಗೆ ಒಳಗೊಳಗೇ ನಗು ಬಂತು. ಅವಳ ಮನೆ ಇದ್ದುದು ರಸ್ತೆಯ ತುದಿಯಲ್ಲಿ. ಅಲ್ಲಿಂದ ಮುಂದೆ ಒಂದು ಎತ್ತರದ ಗೋಡೆ, ಅಷ್ಟೇ. ಆ ರಸ್ತೆಯಲ್ಲಿ ಹಾದುಹೋಗುವುದು ಬೆಕ್ಕಿಗೂ ಸಾಧ್ಯವಿರಲಿಲ್ಲ. ಪಾಪ, ಮನೆಯಲ್ಲಿ ಒಬ್ಬಳಿಗೇ ಹೊತ್ತು ಹೋಗುವುದಿಲ್ಲ, ನನ್ನ ಸುಳ್ಳನ್ನೇ ನನಗೆ ಹೇಳುತ್ತಿದ್ದಾಳೆ ಎಂದು ಕನಿಕರಪಟ್ಟು ಒಳಗೆ ಕರೆದಳು. ಹೀಗೆ ಗುರುವಾರ ಇವಳು ಅಲ್ಲಿಗೆ, ಮಂಗಳವಾರ ಅವಳು ಇಲ್ಲಿಗೆ. ಭಾನುವಾರ ಮಾತ್ರ ಇವಳು ಫಲಕದ ಮುಂದೆ, ಅವಳು ಕಿಟಕಿಯ ಬಳಿ, ಪರಿಚಯವೇ ಇಲ್ಲದವರ ಹಾಗೆ. ಅಷ್ಟು ದೂರದಿಂದ ಅವಳ ಬೆನ್ನು ನೋಡುವಾಗ ಗುಂಡಿ ಅಕ್ಕನಿಗೆ ಹತ್ತಿರ ಹೋಗಬೇಕೆನಿಸುತ್ತಿತ್ತು. ಆದರೆ ಪೋಸ್ಟ್‌ಮಾಸ್ಟರರ ಅಪ್ಪಣೆ.

ಮೂರು ತಿಂಗಳಾಗುವ ಹೊತ್ತಿಗೆ ಟೆಲಿಫೋನ್ ಅಮ್ಮ ದಿವಿನಾಗಿದ್ದಳು. ಪರದೆ ಒಗೆದು ಹಾಕಿದ್ದಳು, ಹಾಡು ಗುನುಗುತ್ತಿದ್ದಳು. ಅವಳಿಗೆ ಭೇಟಿಯ ಅಗತ್ಯ ಖಂಡಿತ ಇರಲಿಲ್ಲ. ಕಾರ್ಡಿನ ಮುಂಬದಿಯಲ್ಲಿ ಗುಂಡಿ ಅಕ್ಕ ಅದನ್ನೆಲ್ಲ ಪ್ರಾಮಾಣಿಕವಾಗಿ ಬರೆದಳು. ಹಿಂಬದಿಗೆ ತಿರುಗಿಸಿದಾಗ ಪೆನ್ನು ನಿಂತಿತು. ಬೇಡ ಎಂದರೆ ಬೇರೆ ಮನೆ. ಗುರುವಾರ ಕೈಬಿಟ್ಟು ಹೋಗುತ್ತದೆ. ಅವಳು ‘ಬೇಕು’ ಎಂಬುದನ್ನು ಹೊಡೆದಳು, ಒಂದು ಗಳಿಗೆ ಕೂತಳು, ಆಮೇಲೆ ‘ಬೇಡ’ವನ್ನೂ ಹೊಡೆದು ಬದಿಯಲ್ಲಿ ಮತ್ತೆ ‘ಬೇಕು’ ಎಂದು ಬರೆದಳು. ದೇವರ ಕೆಲಸದಲ್ಲಿ ಸುಳ್ಳು ಹೇಳಿದೆ ಎಂದು ಆ ಭಾನುವಾರ ಪಾಪ ನಿವೇದನೆಯ ಪ್ರಾರ್ಥನೆಯಲ್ಲಿ ತಲೆ ಎತ್ತಲಿಲ್ಲ. ಮುಂದಿನ ವಾರವೂ ಹಾಗೇ ಬರೆದಳು.

ಒಂದು ಮಂಗಳವಾರ ಟೆಲಿಫೋನ್ ಅಮ್ಮ ಹೋದ ಮೇಲೆ ಕುರ್ಚಿಯ ಮೇಲೆ ಅವಳ ಹಾಡಿನ ಪುಸ್ತಕ ಉಳಿದಿತ್ತು. ಎತ್ತಿಟ್ಟುಕೊಳ್ಳುವಾಗ ಅದರಿಂದೊಂದು ಕಾರ್ಡು ಜಾರಿ ಬಿತ್ತು. ನೀಲಿ ಕಾರ್ಡು. ಮೇಲೆ ಮನೆ ನಂಬರು ಇತ್ತು. ಅದು ಇವಳ ಮನೆಯ ನಂಬರು.

‘ಹೇಗಿದ್ದರು: ಮೊದಲಿಗಿಂತ ಎಷ್ಟೋ ಮೇಲು. ಈಗ ತಾವೇ ನಗುತ್ತಾರೆ. ಗಮನಿಸಿದ್ದು: ಗಂಡನ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇದೆ. ಆರು ಕಪ್ಪುಗಳಿವೆ, ಐದರಲ್ಲಿ ಧೂಳು.’

ಅವಳ ಕಿವಿ ಬಿಸಿಯಾಯಿತು. ಹಾಗಾದರೆ ತಾನೂ ಪಟ್ಟಿಯಲ್ಲಿದ್ದಳು. ನೋಡಿಸಿಕೊಳ್ಳುವವರ ಪಟ್ಟಿಯಲ್ಲಿ. ಹಾಲಿನಲ್ಲಿದ್ದ ಯಾರೋ ಒಬ್ಬರು, ಎರಡು ವರ್ಷ ಅವಳು ಒಬ್ಬಳೇ ನಿಂತದ್ದನ್ನು ನೋಡಿ, ಹತ್ತು ಹೆಜ್ಜೆ ನಡೆದು ಬಂದು ಹೇಗಿದ್ದೀರಿ ಎನ್ನುವ ಬದಲು ಅವಳ ಹೆಸರನ್ನು ಚೀಟಿಯಲ್ಲಿ ಬರೆದು ಪೋಸ್ಟ್‌ಮಾಸ್ಟರರಿಗೆ ಕೊಟ್ಟಿದ್ದರು. ಮತ್ತು ಆ ಬಿಸ್ಕತ್ತು, ಆ ಮಂಗಳವಾರಗಳು, ‘ನಿಮ್ಮ ಕೈಯ ಚಹಾನೇ ಬೇರೆ’ ಎಂಬ ಮಾತು, ಎಲ್ಲ ಸೇವೆ. ತನ್ನ ಕಪ್ಪುಗಳ ಧೂಳು ಲೆಕ್ಕ ಹಾಕಿಕೊಂಡು ಹೋಗಿದ್ದಾಳೆ! ತಾನೂ ಅವಳ ಪರದೆ, ಅವಳ ಔಷಧದ ಶೀಶೆ ಎಲ್ಲ ಬರೆದು ಕೊಟ್ಟದ್ದು ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಸಿಟ್ಟು ಬಂದಾಗ ಯಾರಿಗೆ ತಾನೆ ತನ್ನದು ನೆನಪಾಗುತ್ತದೆ? ಕಾರ್ಡನ್ನು ಗುಂಡಿಗಳ ಡಬ್ಬಿಯೊಳಗೆ ತುರುಕಿ ಮುಚ್ಚಳ ಒತ್ತಿದಳು.

ಗುರುವಾರ ಅವಳು ಹೋಗಲಿಲ್ಲ. ನಾಲ್ಕು ಗಂಟೆಗೆ ತಯಾರಾಗಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಕುರ್ಚಿಯಲ್ಲೇ ಕೂತಳು. ಐದಾಯಿತು, ಆರಾಯಿತು. ಮನೆಯಲ್ಲಿ ನೀರಿನ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಮೂರು ತಿಂಗಳಿಂದ ಅದು ಕೇಳಿರಲಿಲ್ಲ. ಶುಕ್ರವಾರ, ಶನಿವಾರ ಯಾರ ಜೊತೆಯೂ ಒಂದು ಮಾತಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಸಿಟ್ಟು ಮಾಡಿಕೊಳ್ಳಲು ಸಹ ಒಬ್ಬರು ಬೇಕು, ಆ ಒಬ್ಬರು ಎಂದು ಇದ್ದದ್ದು ಟೆಲಿಫೋನ್ ಅಮ್ಮ ಮಾತ್ರ.

ಭಾನುವಾರ ಬೆಳಿಗ್ಗೆ, ಕಾರ್ಡನ್ನು ಅವಳ ಮುಖಕ್ಕೇ ಹಿಡಿಯುತ್ತೇನೆ ಎಂದು ಡಬ್ಬಿ ತೆರೆದಳು. ಎತ್ತುವಾಗ ಅದು ಹಿಂಬದಿ ಮೇಲಾಗಿ ಬಂತು. ಮಂಗಳವಾರ ಅದನ್ನು ತಿರುಗಿಸಿಯೇ ನೋಡಿರಲಿಲ್ಲ.

‘ಇನ್ನೂ ಭೇಟಿ ಬೇಕೇ?’ ಅಲ್ಲಿ ‘ಬೇಕು’ವನ್ನು ಹೊಡೆದಿತ್ತು. ಆಮೇಲೆ ‘ಬೇಡ’ವನ್ನೂ ಹೊಡೆದಿತ್ತು. ಬದಿಯಲ್ಲಿ, ಕಾಗದ ಹರಿಯುವಷ್ಟು ಒತ್ತಿ, ಮತ್ತೆ ಬರೆದಿತ್ತು: ‘ಬೇಕು.’

ಗುಂಡಿ ಅಕ್ಕ ಡಬ್ಬಿಯ ಪಕ್ಕದಲ್ಲೇ ಕೂತುಬಿಟ್ಟಳು. ಆ ‘ಬೇಕು’ ಯಾರಿಗೆ ಬೇಕು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಹಾದ ಹೊತ್ತಿಗೆ ಟೆಲಿಫೋನ್ ಅಮ್ಮ ಎಂದಿನಂತೆ ಕಿಟಕಿಯ ಬಳಿ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಗುಂಡಿ ಅಕ್ಕ ಕಪ್ಪು ತೆಗೆದುಕೊಂಡು ಫಲಕದ ಕಡೆ ಹೋಗಲಿಲ್ಲ. ಗುಂಪುಗಳ ನಡುವೆ, ‘ಸ್ವಲ್ಪ ದಾರಿ, ಸ್ವಲ್ಪ ದಾರಿ’ ಎನ್ನುತ್ತ ಹಾಲಿನ ಆ ಬದಿಯಿಂದ ಈ ಬದಿಗೆ ನಡೆದಳು. ಅಷ್ಟು ದೂರ ಅವಳು ಗಂಡನಿಲ್ಲದೆ ಎಂದೂ ದಾಟಿರಲಿಲ್ಲ.

“ಇಲ್ಲಿ ಬೇಡ,” ಎಂದಳು ಟೆಲಿಫೋನ್ ಅಮ್ಮ ಗಾಬರಿಯಿಂದ, ದನಿ ತಗ್ಗಿಸಿ. “ಜನ ನೋಡ್ತಾರೆ.”

“ನೋಡ್ಲಿ ಬಿಡಿ. ನೋಡೋದು ಬಿಟ್ಟು ಇನ್ನೇನು ಮಾಡಿದಾರೆ ಇವರು.”

“ಗುರುವಾರ ನೀವು ಬರ್ಲಿಲ್ಲ. ನಾನು ಆರು ಗಂಟೆವರೆಗೂ...”

“ಸಿಟ್ಟು ಬಂದಿತ್ತು.” ಅವಳು ಹಾಡಿನ ಪುಸ್ತಕವನ್ನೂ ಕಾರ್ಡನ್ನೂ ಚಾಚಿದಳು.

ಟೆಲಿಫೋನ್ ಅಮ್ಮನ ಮುಖ ಬಿಳಿಚಿತು. ಗುಂಡಿ ಅಕ್ಕ ಚೀಲದಿಂದ ತನ್ನದೊಂದು ನೀಲಿ ಕಾರ್ಡು ತೆಗೆದಳು. ಹೋದ ವಾರದ್ದು, ಪೆಟ್ಟಿಗೆಗೆ ಹಾಕದೆ ಉಳಿದದ್ದು. ಅದನ್ನು ಹಿಂಬದಿ ಮೇಲೆ ಮಾಡಿ ಕಿಟಕಿಯ ಕಟ್ಟೆಯ ಮೇಲೆ ಆ ಇನ್ನೊಂದರ ಪಕ್ಕಕ್ಕಿಟ್ಟಳು. ಎರಡರಲ್ಲೂ ಎರಡೆರಡು ಗೀಟು, ಎರಡರ ಬದಿಯಲ್ಲೂ ಅದೇ ಒಂದು ಮಾತು.

ಟೆಲಿಫೋನ್ ಅಮ್ಮ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಳು. “ನಾನು ನಿಮ್ಮನ್ನ...” ಎಂದಳು. “ನೀವೂ ನನ್ನನ್ನ...”

“ಹೂಂ. ಇಬ್ಬರೂ ಮಹಾ ಸೇವೆ ಮಾಡಿದ್ವಿ.”

“ಪೋಸ್ಟ್‌ಮಾಸ್ಟರ್‌ಗೆ ಗೊತ್ತಾದ್ರೆ ಬೇರೆ ಮನೆ ಕೊಡ್ತಾರೆ.”

“ಕೊಡ್ಲಿ. ಹೋಗೋಣ. ಮಂಗಳವಾರ, ಗುರುವಾರ ಬಿಟ್ಟು ವಾರದಲ್ಲಿ ಇನ್ನೂ ಐದು ದಿನ ಇದಾವಲ್ಲ.” ಗುಂಡಿ ಅಕ್ಕ ಪೆನ್ನು ತೆಗೆದು ತನ್ನ ಕಾರ್ಡಿನ ‘ಬೇಕು’ವನ್ನು ಹೊಡೆದು ‘ಬೇಡ’ ಎಂದು ಬರೆದಳು. ಪೆನ್ನನ್ನು ಅವಳ ಕೈಗೆ ಕೊಟ್ಟಳು. “ಮಂಗಳವಾರ ಬರ್ತೀರಾ?”

“ದಾರೀಲಿ...” ಎಂದು ಶುರುಮಾಡಿ ಟೆಲಿಫೋನ್ ಅಮ್ಮ ನಿಲ್ಲಿಸಿದಳು.

“ನಮ್ಮ ರಸ್ತೆಗೆ ದಾರಿ ಇಲ್ಲ. ಗೋಡೆ ಇದೆ.”

“ಗೊತ್ತು. ಮೊದಲನೇ ದಿನಾನೇ ನೋಡಿದ್ದೆ.” ಕಣ್ಣು ಒರೆಸಿಕೊಂಡು ಅವಳು ಪೆನ್ನಿನ ಮೊನೆಯನ್ನು ಕಾರ್ಡಿಗೆ ಒತ್ತಿದಳು. “ನಿಮ್ಮನ್ನೇ ನೋಡೋಕೆ ಬರ್ತೀನಿ.”

ಆಮೇಲೆ ಅವಳು ಚಹಾ ಮಾಡುವ ಐವರ ಬಗ್ಗೆ ಏನೋ ಹೇಳತೊಡಗಿದಳು, ಮೂರು ನಿಮಿಷಕ್ಕೆ ನಿಲ್ಲಿಸಿ ಮುಖ ನೋಡಿದಳು. ಮುಂದುವರಿಸಿ ಎಂದಳು ಗುಂಡಿ ಅಕ್ಕ. ಹಾಲ್ ಗುಡಿಸುವವನು ಬಂದು ಬಾಗಿಲು ಹಾಕಬೇಕಮ್ಮ ಎಂದಾಗಲೇ ಅವಳು ಕೈಯಲ್ಲಿದ್ದ ಕಪ್ಪನ್ನು ನೋಡಿದ್ದು. ಚಹಾ ತುಂಬಿದ ಹಾಗೇ ಇತ್ತು, ತಣ್ಣಗಾಗಿತ್ತು.