ಹನ್ನೆರಡು ಮಾರು ಗಾಳದ ದಾರ

ಅತ್ತೆಗೆ ಕಣ್ಣು ಪೂರ್ತಿ ಹೋದ ಮೇಲೆ ಹೊಸೆದ ಮೊದಲ ದಾರ ಅದು. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆಂದು ಕೆರೆಯಲ್ಲಿ ನೈಲಾನ್ ನಿಷೇಧವಾಗಿತ್ತು; ಗಾಳ ಹಾಕುವವರಿಗೆಲ್ಲ ಅತ್ತೆಯ ಕತ್ತಾಳೆ ನಾರಿನ ದಾರವೇ ಬೇಕಿತ್ತು. ಈಗ ಅವರೆಲ್ಲ ಅನುಮಾನಿಸುತ್ತಿದ್ದರು. ಗಂಟೆಗಟ್ಟಲೆ ನೀರಂಚಿನಲ್ಲಿ ನಿಲ್ಲುವುದಕ್ಕೆ ಕೊಕ್ಕರೆ ಎಂದೇ ಹೆಸರಾದವನು ಮುಖಕ್ಕೇ ಹೇಳಿದ್ದ: "ಒಂದು ಬಕೆಟ್ ನೀರು ತಡೆದ್ರೆ ತಗೋತೀನಿ ಅಮ್ಮಾ. ಇಲ್ಲಾಂದ್ರೆ ಇನ್ನು ನಿಮ್ಮನ್ನ ಯಾರೂ ಕೇಳಲ್ಲ."

ಅದಕ್ಕೇ ನಾನೂ ಕೈ ಸೇರಿಸಿದೆ. ಎರಡು ಎಳೆಗಳನ್ನು ತೊಡೆಯ ಮೇಲೆ ಒಂದೇ ದಿಕ್ಕಿಗೆ ಉರುಳಿಸಬೇಕು, ಆಮೇಲೆ ಎರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಹುರಿಗೊಳಿಸಬೇಕು. ಬಿಚ್ಚಿಕೊಳ್ಳಲು ಹವಣಿಸುವ ಎಳೆಗಳು ಒಂದನ್ನೊಂದು ತಡೆದೇ ಗಟ್ಟಿಯಾಗುತ್ತವೆ. ನಾರು ತೀರಿದಲ್ಲಿ ಹೊಸ ನಾರು ಸೇರಿಸಬೇಕು; ಅದು ನನ್ನ ಪಾಲಿನ ಕೆಲಸ. ಆದರೆ ಎರಡೂ ಎಳೆಗೆ ಒಂದೇ ಜಾಗದಲ್ಲಿ ಸೇರಿಸಬಾರದು; ಸೇರಿಸಿದರೆ ಭಾರ ಬಿದ್ದಾಗ ದಾರ ಅಲ್ಲೇ ಕಿತ್ತುಹೋಗುತ್ತದೆ.

ನಾನು ಮಾಡಿದ್ದು ಅದನ್ನೇ. ಒಲೆ ಆರಿಸಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿದ್ದೆ. ತಪ್ಪು ಹೊಳೆಯುವಷ್ಟರಲ್ಲಿ ಅತ್ತೆ ಮೂರು ಮಾರು ಮುಂದೆ ಹೋಗಿದ್ದರು. ಹೇಳಲು ಬಾಯಿ ಬರಲಿಲ್ಲ. ಮರುದಿನ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿನಲ್ಲಿ ಮೂರು ಸಲ ಹುಡುಕಿದೆ. ಆ ಜಾಗ ನನಗೇ ಸಿಗಲಿಲ್ಲ.

ಕೊಕ್ಕರೆ ಬಂದ ಮಧ್ಯಾಹ್ನ ಅತ್ತೆ ದಾರವನ್ನು ನೆನೆಸಿ, ಕೆಳತುಟಿಯ ಮೇಲೆ ನಿಧಾನವಾಗಿ ಎಳೆಯತೊಡಗಿದರು.

"ಏನಮ್ಮಾ, ದಾರಕ್ಕೆ ಮುತ್ತು ಕೊಡ್ತಿದ್ದೀರಾ?"

"ನಿನಗಂತೂ ಕೊಡಲ್ಲ. ಸುಮ್ನೆ ಕೂತ್ಕೋ."

ಏಳನೆಯ ಮಾರಿನಲ್ಲಿ ಕೈ ನಿಂತಿತು.

"ಇಲ್ಲಿ ನಿನ್ನ ತಲೆ ಎಲ್ಲಿತ್ತೇ?"

"ಒಲೆ ಹತ್ರ, ಅತ್ತೆ."

"ಆರಿತ್ತಾ?"

"ಆರಿತ್ತು."

"ಸದ್ಯ. ಕತ್ತರಿ ಕೊಡು."

ಅಲ್ಲಿಗೇ ಕತ್ತರಿಸಿ, ಎರಡೂ ತುದಿಗಳನ್ನು ಗೇಣುದ್ದ ಬಿಚ್ಚಿದರು. ಕೂದಲಿನಂಥ ನಾರುಗಳನ್ನು ಒಂದೊಂದಾಗಿ, ಒಂದು ಇಲ್ಲಿ, ಮತ್ತೊಂದು ಬೆರಳಗಲ ಆಚೆ, ಕೂಡಿಸುತ್ತ ಹೋದರು. ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ. ಕೂಡಿಸಿದ್ದನ್ನು ತೊಡೆಯ ಮೇಲೆ ಎರಡು ಸಲ ಉರುಳಿಸಿದರು. ಎವೆಯಿಕ್ಕದೆ ನೋಡುತ್ತಿದ್ದೆ. ಆದರೂ ಕೂಡಿಕೆ ಎಲ್ಲಿ ಮುಗಿದು ಹಳೆಯ ದಾರ ಎಲ್ಲಿ ಶುರುವಾಯಿತೆಂದು ನನಗೆ ಕಾಣಲಿಲ್ಲ.

ಆ ಕೂಡಿಕೆಯೇ ನಡುವೆ ಬರುವಂತೆ ದಾರವನ್ನು ತೊಲೆಯ ಕೊಕ್ಕೆಗೆ ಕಟ್ಟಿ ಬಕೆಟ್ ತೂಗುಹಾಕಿದೆವು. ಕೊಕ್ಕರೆ ಚೊಂಬಿನಿಂದ ನೀರು ಸುರಿಯುತ್ತ ಹೋದ. ಅಂಚು ಮುಟ್ಟಿತು. ದಾರ ಸೆಟೆದು ನಿಂತಿತು.

"ತಿರುಗ್ತಿದ್ಯಾ?" ಅತ್ತೆ ಕೇಳಿದರು.

ಹುರಿ ಒಂದಿಷ್ಟು ಹೆಚ್ಚುಕಡಿಮೆಯಾಗಿದ್ದರೂ ಬಕೆಟ್ ಬುಗುರಿಯಾಗಬೇಕಿತ್ತು.

"ಇಲ್ಲ ಅತ್ತೆ. ನೀರೂ ಅಲುಗ್ತಿಲ್ಲ."

ಕೊಕ್ಕರೆ ಮತ್ತೆ ಚೊಂಬು ಅದ್ದಿದ ಸದ್ದು ಅತ್ತೆಗೆ ಕೇಳಿಸಿತು.

"ಸಾಕು ಕಣೋ, ನಮ್ಮನೆ ಬಕೆಟ್ ಹಿಡಿ ಕಿತ್ತು ಬರುತ್ತೆ."

ಅವನು ಚೊಂಬು ಕೆಳಗಿಟ್ಟ. "ಇನ್ನೆರಡು ಬೇಕಮ್ಮಾ," ಎಂದ, ಇಷ್ಟು ಹೊತ್ತೂ ಇಲ್ಲದ ಮೆಲುದನಿಯಲ್ಲಿ.

"ಒಂದು ತಿಂಗಳು ಹಿಡಿಯುತ್ತೆ."

"ಕಾಯ್ತೀನಿ."

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಕೆಳತುಟಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ ಮೂಡಿತ್ತು.