ಹುರಿಯದ ಮೊಳಕೆಯ ಬನ್ನು

ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ, ಗಣಿ ಕಾರ್ಮಿಕರ ಸಾಲಿನ ಲೈನ್ ಮನೆಯೊಂದರಲ್ಲಿ ಬನ್ನು ಮಾಡಿ ಮಾರುವ ಶ್ಯಾಮಲಾಗೆ ಅಂದು ಬೆಳಿಗ್ಗೆಯೇ ಅವಮಾನವಾಯಿತು. ಬನ್ನುಗಳೆಲ್ಲ ವಡೆಯಂತೆ ಚಪ್ಪಟೆ. ಬಂಗಾರಪೇಟೆ ಸ್ಟೇಷನ್ ಹತ್ತಿರ ಟೀ ಅಂಗಡಿ ಇಟ್ಟಿರುವ ಗೋಪಿ ಒಂದನ್ನು ಎತ್ತಿ ಮೇಜಿಗೆ ಕುಟ್ಟಿದ.

"ಏನಕ್ಕಾ ಇದು, ಗಣಿಯಿಂದ ತೆಗೆದ್ರಾ?"

ಜೇಬಿನಿಂದ ಹೆಸರಿಲ್ಲದೊಂದು ಪೊಟ್ಟಣ ತೆಗೆದ. ಒಳಗೆ ಬಿಳಿ ಪುಡಿ.

"ಬ್ರೋಮೇಟು. ಚಿಟಿಕೆ ಆಕಿ, ಬಲೂನ್ ಅಂಗೆ ಉಬ್ತದೆ. ನಾಳೇನೂ ಇಂಗೇ ಇದ್ರೆ ನಾನು ಬೇರೆ ಕಡೆ ತಗೊತೀನಿ."

"ಕ್ಯಾನ್ಸರ್ ಬರಬಹುದು ಅಂತ ಅದನ್ನ ಸರ್ಕಾರ ನಿಲ್ಲಿಸಿ ಎಷ್ಟೋ ವರ್ಷ ಆತು ಗೋಪಿ. ಮಕ್ಕಳು ತಿನ್ನೋ ಬನ್ನಿಗೆ ನಾನು ಆಕಲ್ಲ. ಓಗೋದಾದ್ರೆ ಓಗು."

"ನಾಳೆ ಬಂದು ನೋಡ್ತೀನಿ" ಎಂದು ಗೋಪಿ ಪೊಟ್ಟಣ ಜೇಬಿಗಿಟ್ಟುಕೊಂಡು ಹೋದ. ಅತ್ತೆ ಅಮ್ಮಾಜಮ್ಮ ಹಣೆ ಚಚ್ಚಿಕೊಂಡರು.

"ಇದ್ದಿದ್ದೊಂದು ಗಿರಾಕಿ! ಬೇಕರಿ ತರಬೇತಿಗೆ ಓಗಿ ಬಂದು ಕೊಂಬು ಬಂದೈತೆ ನಿಂಗೆ. ಅದೇನೋ ಕಿಣ್ವ ಅಂತೀಯ, ಕಣ್ಣಿಗೆ ಕಾಣ್ತದಾ?"

"ಕಿಣ್ವ ಇಟ್ಟನ್ನ ಸಕ್ಕರೆ ಮಾಡ್ತದೆ ಅತ್ತೆ. ಅದನ್ನ ತಿಂದು ಈಸ್ಟು ಬನ್ನನ್ನ ಉಬ್ಬುಸ್ತದೆ. ಮೊಳಕೆ ರಾಗೀಲಿ ಅದು ಬೇಕಾದಷ್ಟೈತೆ."

"ಮೊಳಕೆ ರಾಗಿ ಇಟ್ಟು ನಾನೇ ಮಾಡ್ಕೊಟ್ಟೆ, ಉಬ್ಬಿತಾ? ನಿನ್ ಗಂಡ ಕೂಸಾಗಿದ್ದಾಗ ಮಾಡ್ದಂಗೇ ಮಾಡಿದ್ದೆ. ಮೊಳಕೆ ಕಟ್ಟಿ, ಒಣಗ್ಸಿ, ಘಮ್ ಅನ್ನೋವರ್ಗೂ ಉರಿದು..."

"ಉರಿದ್ರಾ!"

ಶ್ಯಾಮಲಾ ಅಟ್ಟದ ಮೇಲಿನ ಮೊರ ಇಳಿಸಿದಳು. ಹುರಿಯದೆ ಉಳಿದಿದ್ದ ಒಂದಿಷ್ಟು ಮೊಳಕೆ ರಾಗಿಯನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿದಳು. ಎರಡು ಬಟ್ಟಲಲ್ಲಿ ಗಟ್ಟಿ ಗಂಜಿ ಇಟ್ಟು, ಬೆರಳು ತಾಳುವಷ್ಟು ಆರಿದ ಮೇಲೆ ಒಂದಕ್ಕೆ ಹುರಿದ ಹಿಟ್ಟು, ಇನ್ನೊಂದಕ್ಕೆ ಹುರಿಯದ ಹಿಟ್ಟು ಕಲಸಿದಳು. ಸ್ವಲ್ಪ ಹೊತ್ತಿಗೆ ಎರಡನೆಯದು ಮಜ್ಜಿಗೆಯಂತೆ ನೀರಾಯಿತು. ಮೊದಲನೆಯದರಲ್ಲಿ ಚಮಚ ನೆಟ್ಟಗೆ ನಿಂತೇ ಇತ್ತು.

"ಉರಿಯದ ಇಟ್ಟಲ್ಲಿರೋ ಕಿಣ್ವ ಗಂಜೀನ ನೀರು ಮಾಡ್ತು, ಉರಿದಿದ್ರಲ್ಲಿ ಅದು ಬಿಸಿಗೆ ಸತ್ತೋಗೈತೆ. ನೀವೇ ಕತೆ ಏಳ್ತಿದ್ರಲ್ಲ ಅತ್ತೆ, ರಾಕ್ಷಸನ ಜೀವ ಗಿಣಿಯೊಳಗಿತ್ತು ಅಂತ. ಅಂಗೇ ಈ ಬನ್ನಿನ ಜೀವ ಮೊಳಕೆಯೊಳಗೈತೆ. ನಾವು ಗಿಣೀನ ಬಾಣಲೀಲಿ ಉರಿದುಬಿಟ್ವಿ."

ಅಮ್ಮಾಜಮ್ಮ ಬಟ್ಟಲನ್ನು ಎತ್ತಿ, ವಾಲಿಸಿ, ಮತ್ತೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಹುರಿಯದ ಹಿಟ್ಟು ಚಿಟಿಕೆ ಬೆರೆಸಿ ಬನ್ನಿನ ಹಿಟ್ಟು ನಾದಲು ಕುಳಿತರು.

ಮರುದಿನ ಬಂದ ಗೋಪಿ ಬನ್ನು ಅದುಮಿದ. ಅದು ತಗ್ಗಿ, ಮತ್ತೆ ಮೇಲೆದ್ದಿತು.

"ಪುಡಿ ಆಕಿದ್ದೀರಲ್ಲಕ್ಕಾ! ಸುಳ್ಳೇಳ್ಬೇಡಿ."

"ನಮ್ಮನೆ ರಾಗಿ ಕಣ್ಲಾ!" ಅಮ್ಮಾಜಮ್ಮ ಎದ್ದು ನಿಂತರು. "ಆ ಪೊಟ್ಟಣ ಇನ್ನೊಂದು ಸಲ ಈ ಒಸ್ಲು ದಾಟ್ಲಿ, ನಿನ್ ಟೀಗೇ ಆಕಿ ಕುಡುಸ್ತೀನಿ."

ಗೋಪಿ ನಗುತ್ತಾ ಎರಡು ಟ್ರೇ ಬನ್ನು ತುಂಬಿಕೊಂಡ. ಹೊರಡುವ ಮುಂಚೆ ಪೊಟ್ಟಣವನ್ನು ಅಮ್ಮಾಜಮ್ಮನ ಕೈಗೇ ಕೊಟ್ಟ.

ಬನ್ನು ಮಾಡುವ ಅಕ್ಕಂದಿರೇ, ಅಣ್ಣಂದಿರೇ, ಹುರಿಯದ ಮೊಳಕೆ ಹಿಟ್ಟು ಚಿಟಿಕೆಯಷ್ಟೇ ಸಾಕು, ಹೆಚ್ಚಾದರೆ ಬನ್ನಿನ ಒಳಗೆ ಅಂಟಾಗುತ್ತದೆ. ಬೇಕರಿಗೆಂದೇ ತಯಾರಾದ ಕಿಣ್ವಗಳೂ ಸಿಗುತ್ತವೆ. ಕೊಳ್ಳುವವರೇ, ಬ್ರೆಡ್ಡಿನ ಪೊಟ್ಟಣ ತಿರುಗಿಸಿ, ಬ್ರೋಮೇಟ್ ಇದೆಯೇ ಎಂದು ಓದಿ. ಪೊಟ್ಟಣವಿಲ್ಲದಿದ್ದರೆ ಅಂಗಡಿಯವರನ್ನೇ ಕೇಳಿ: ಇದಕ್ಕೆ ಏನು ಹಾಕಿದ್ದೀರಿ? "ಎಲ್ಲರೂ ಹಾಕುತ್ತಾರೆ" ಎಂಬ ಉತ್ತರ ಬಂದರೆ, ನಮ್ಮ ಮನೆಗೆ ಬೇಡ ಎಂದು ಗಟ್ಟಿಯಾಗಿ ಹೇಳಿ ಬನ್ನಿ.