ಭಾವನ ದೋಣಿಯ ನೀಲಿ ಗೆರೆ

ಮೂವತ್ತೆರಡು ವರ್ಷ ಭೂಗೋಳ ಕಲಿಸಿದ ಅಕ್ಕ ನಿವೃತ್ತಳಾದ ದಿನ, ಶಾಲೆಯ ಸಭಾಂಗಣದಲ್ಲಿ ಎಲ್ಲರೂ ಅವಳ ಗೌರವಾರ್ಥ ಎದ್ದು ನಿಂತಾಗ ಮೊದಲ ಸಾಲಿನಲ್ಲಿದ್ದ ಭಾವನೂ ಎದ್ದು ನಿಂತರು. ಅವರೊಂದಿಗೆ ಅವರು ಕೂತಿದ್ದ ಕುರ್ಚಿಯೂ ಎದ್ದು ನಿಂತಿತು. ದೋಣಿಯ ಹಲಗೆಗಳ ಸಂದು ಮುಚ್ಚುವ ಅಂಟಿನ ಟ್ಯೂಬೊಂದು ಅವರ ಕೋಟಿನ ಕಿಸೆಯಲ್ಲಿತ್ತು. ಮುಖ್ಯೋಪಾಧ್ಯಾಯಿನಿಯ ಸುದೀರ್ಘ ಭಾಷಣದ ಯಾವುದೋ ಘಟ್ಟದಲ್ಲಿ ಅದು ಒಡೆದು, ಕೋಟು, ಪ್ಯಾಂಟು, ಕುರ್ಚಿ ಮೂರನ್ನೂ ಅವಿಭಾಜ್ಯಗೊಳಿಸಿತ್ತು. ಸಭೆ ಘೊಳ್ಳೆಂದಿತು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಏಕೈಕ ಉಪಯುಕ್ತ ವಿದ್ಯೆಯೆಂದರೆ ತಪ್ಪು ಯಾರದಾದರೂ ನೆಲ ನೋಡುತ್ತ ನಿಲ್ಲುವುದು. ನಾನು ಅದನ್ನು ಪ್ರಯೋಗಿಸಿದೆ. ಭಾವ ಮಾತ್ರ ಕುರ್ಚಿಯನ್ನು ಎರಡು ಸಲ ಜಗ್ಗಿ ನೋಡಿ, ಪರಮಾನಂದದಿಂದ ನನ್ನ ಕಿವಿಯಲ್ಲಿ, "ನೋಡಿದ್ಯಾ, ಹೇಗೆ ಹಿಡಿದಿದೆ! ಟ್ಯೂಬಿನ ಮೇಲೆ ಬರೆದಿದ್ದು ಸುಳ್ಳಲ್ಲ" ಎಂದರು. ಆಮೇಲೆ ಅದೇ ಕೂರ್ಮಾವತಾರದಲ್ಲಿ ವೇದಿಕೆಯತ್ತ ತಿರುಗಿ, "ಬರೋ ವರ್ಷ ನಾವಿಬ್ರೂ ಸಮುದ್ರದ ಮೇಲಿರ್ತೀವಿ" ಎಂದು ಸಾರಿದರು. ಅಕ್ಕ ಅದನ್ನು ನಂಬಿದಳು. ಅದು ನಾಲ್ಕು ವರ್ಷದ ಹಿಂದಿನ ಮಾತು.

ಅವರು ಸಮುದ್ರಕ್ಕೆ ಹೋಗಲಿದ್ದ ಹಾಯಿದೋಣಿ ದೋಣಿಕಟ್ಟೆಯಲ್ಲಿ ಮರದ ಆಸರೆಗಳ ಮೇಲೆ ನಿಂತು ಆಗಲೇ ಏಳು ವರ್ಷವಾಗಿತ್ತು. ಕೊಂಡಾಗ ಅದು ತೇಲುತ್ತಲೇ ಬಂದಿತ್ತು ಎಂಬುದನ್ನು ಇಲ್ಲಿ ನಮೂದಿಸಬೇಕು. ದೂರ ಸಮುದ್ರಕ್ಕೆ ಹೋಗುವ ಮೊದಲು ಸಣ್ಣಪುಟ್ಟ ದುರಸ್ತಿಯೆಂದು ಭಾವ ಅದನ್ನು ದಡಕ್ಕೆ ಎತ್ತಿಸಿದ್ದರು. ವೃತ್ತಿಯಿಂದ ಅವರು ಲಿಫ್ಟು ರಿಪೇರಿಯ ಇಂಜಿನಿಯರು. ಜೀವಮಾನವೆಲ್ಲ ಜನರನ್ನು ಮೇಲಕ್ಕೆ ಕೆಳಕ್ಕೆ ಮಾಡಿದವರಿಗೆ ಮುಂದಕ್ಕೆ ಹೋಗುವ ಅಭ್ಯಾಸ ತಪ್ಪಿರಬಹುದೆಂದು ನನ್ನ ಗುಮಾನಿ. ದೋಣಿಯ ಕುಳ್ಳ ಬಾಗಿಲಿಗೆ ಹಣೆ ಬಡಿಸಿಕೊಂಡು ಬಡಿಸಿಕೊಂಡು, ಅವರು ಬಯಲಲ್ಲೂ ಕತ್ತು ಬಗ್ಗಿಸಿಯೇ ನಡೆಯುತ್ತಿದ್ದರು. ಆಕಾಶವೆಂಬ ಚಾವಣಿಯನ್ನೂ ಅವರು ಪೂರ್ತಿ ನಂಬಿದವರಲ್ಲ. ಹದಿನಾಲ್ಕು ಕಿಸೆಗಳ ಆ ಕೋಟು ಸೆಕೆಗಾಲದಲ್ಲೂ ಮೈಬಿಟ್ಟು ಇಳಿಯುತ್ತಿರಲಿಲ್ಲ. ಅವರು ಬರುವ ಮೊದಲು ಅವರ ನಟ್ಟು ಬೋಲ್ಟುಗಳ ಝಣತ್ಕಾರ ಬರುತ್ತಿತ್ತು. ಆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಅಭಾವವಿದ್ದದ್ದು ಭಾವನದೊಂದೇ.

ಅವರ ಬಾಯಲ್ಲಿ ಸದಾ ಒಂದು ವಾಕ್ಯ: "ಒಂದ್ಸಲ ಬಿಚ್ಚಿ ನೋಡ್ಬಿಡೋಣ." ಇದಕ್ಕಿಂತ ಭಯಾನಕವಾದ ವಾಕ್ಯವನ್ನು ನಾನು ಕೇಳಿಲ್ಲ. ಮೂರನೆಯ ವರ್ಷ ದೋಣಿಯೊಳಗೆ ಒಂದು ದೀಪ ಹತ್ತಲಿಲ್ಲ. ಒಂದ್ಸಲ ಬಿಚ್ಚಿ ನೋಡಿದರು. ಸಂಜೆಯ ಹೊತ್ತಿಗೆ ದೋಣಿಯ ಸಮಸ್ತ ನರಮಂಡಲವೂ ಅಂಗಳದಲ್ಲಿ ಹರಡಿಕೊಂಡಿತ್ತು. ಹದಿನಾಲ್ಕು ತಿಂಗಳು ಕೂತು ಪ್ರತಿಯೊಂದು ತಂತಿಯನ್ನೂ ಹೊಸದಾಗಿ ಎಳೆದು, ಅದರ ಎರಡೂ ತುದಿಗೆ ಅಂದವಾದ ಅಕ್ಷರದಲ್ಲಿ ಚೀಟಿ ಅಂಟಿಸಿ, ಸ್ವಿಚ್ಚು ಒತ್ತಿದರೆ ದೀಪ ಹತ್ತಲಿಲ್ಲ. ಬಲ್ಬು ಹೋಗಿತ್ತು.

ಇನ್ನು ಬಿಡಿಭಾಗಗಳ ಕಥೆ. ಆ ಪದದೊಳಗೇ 'ಬಿಡಿ' ಎಂಬ ಹಿತವಚನವಿದೆ. ಭಾವನಿಗೆ ಕೇಳಿಸಿದ್ದು 'ಭಾಗ' ಮಾತ್ರ; ದೋಣಿಯ ಹೊಟ್ಟೆ ತುಂಬ ಅವನ್ನೇ ಪೇರಿಸಿದರು. ಒಂದು ದಿನ ತಡೆಯಲಾರದೆ ಕೇಳಿದೆ: "ಭಾವ, ಇದು ದೋಣಿನೋ, ಹಾರ್ಡ್‌ವೇರ್ ಅಂಗಡಿನೋ?"

"ನಡು ಸಮುದ್ರದಲ್ಲಿ ಅಂಗಡಿ ಇರುತ್ತೇನಮ್ಮ?" ಎಂದರು. ಈ ಪ್ರಶ್ನೆಯ ಬಲದ ಮೇಲೆಯೇ ಅವರು ಹನ್ನೊಂದು ವರ್ಷ ದಡದಲ್ಲಿ ಕಳೆದರು.

ಈ ವರ್ಷ ಅಕ್ಕನ ಎಡಮೊಣಕಾಲು ಪಟ್ಟು ಹಿಡಿಯಿತು. ಡಾಕ್ಟರು ಎಕ್ಸ್‌ರೇ ಚಿತ್ರ ತೋರಿಸಿ, ಇನ್ನೊಂದು ವರ್ಷ ನಡೆಯಬಹುದು, ಆಮೇಲೆ ಶಸ್ತ್ರಚಿಕಿತ್ಸೆ, ಅದಾದ ಮೇಲೆ ಏಣಿ ಹತ್ತುವುದು, ತೊನೆಯುವ ದೋಣಿಯಲ್ಲಿ ನಿಲ್ಲುವುದು ಎಲ್ಲ ಮರೆತುಬಿಡಿ ಎಂದರು. ಗೋಡೆಯ ನಕಾಶೆಯ ಮೇಲೆ ಕೋಲಿಟ್ಟು ಮಹಾಸಾಗರಗಳನ್ನು ತೋರಿಸಿದವಳು ಒಂದನ್ನೂ ದಾಟಿರಲಿಲ್ಲ. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹೇಳಿದಳು: "ರೀ, ಗಾಳಿ ಸರಿ ಇರೋದು ಈ ತಿಂಗಳ ಕೊನೇವರೆಗೆ. ಅಷ್ಟರಲ್ಲಿ ಹೊರಟ್ರೆ ಹೊರಟ ಹಾಗೆ. ಇಲ್ಲಾಂದ್ರೆ ಆ ದೋಣೀಲಿ ಹೂವಿನ ಗಿಡ ನೆಡ್ತೀನಿ."

ಭಾವ ಮೊದಲ ಬಾರಿಗೆ ಹೆದರಿದರು. ಎಂಟನೆಯ ದಿನ ದೋಣಿ ನೀರಿಗಿಳಿಯಲು ಸಿದ್ಧವಾಯಿತು. "ಇಷ್ಟು ವರ್ಷದಲ್ಲಿ ಬೇರು ಬಿಟ್ಟಿರುತ್ತೆ ಸಾರ್, ನಿಧಾನಕ್ಕೆ ಕೀಳ್ತೀನಿ" ಎಂದ ಕ್ರೇನಿನ ಮೇಸ್ತ್ರಿ, ಮಗುವನ್ನು ತೊಟ್ಟಿಲಿಗಿಡುವಂತೆ ಅದನ್ನು ನೀರಿಗಿಟ್ಟ. ದೋಣಿಯ ಹೊಟ್ಟೆಯ ಸುತ್ತ ಭಾವ ತಮ್ಮ ಕೈಯಾರೆ ಒಂದು ನೀಲಿ ಗೆರೆ ಬಳಿದಿದ್ದರು: ನೀರು ಎಲ್ಲಿಯವರೆಗೆ ಬರಬೇಕೆಂಬ ಗುರುತು. ದೋಣಿ ಇಳಿಯಿತು, ಇಳಿಯಿತು, ನೀಲಿ ಗೆರೆಯೂ ಇಳಿಯಿತು, ಇನ್ನೂ ಇಳಿದು ನೀರೊಳಗೆ ಕಾಣೆಯಾಯಿತು. ಬಂದರಿನ ತಪಾಸಣೆ ಅಧಿಕಾರಿ ಕಟ್ಟೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅಂಗೈ ಅದ್ದಿ ಅಳೆದು, "ನಾಲ್ಕು ಬೆರಳು ಒಳಗಿದೆ. ಭಾರ ಜಾಸ್ತಿ. ಗೆರೆ ಕಾಣದೆ ಹೊರಡೋ ಪರವಾನಗಿಗೆ ನಾನು ಸಹಿ ಹಾಕಲ್ಲ" ಎಂದು ಕೈ ಒರೆಸಿಕೊಂಡರು.

ಭಾವನಿಗೆ ಪರಿಹಾರ ಥಟ್ಟನೆ ಹೊಳೆಯಿತು. "ಮತ್ತೆ ಮೇಲೆತ್ತಿಸಿ ಗೆರೆಯನ್ನೇ ಸ್ವಲ್ಪ ಮೇಲೆ ಬಳಿದ್ರಾಯ್ತು. ಒಣಗೋಕೆ, ಮತ್ತೆ ಉಜ್ಜೋಕೆ ಅಂತ ಒಂದ್ ತಿಂಗಳು. ಆರನೇ ವರ್ಷ ದಡದಲ್ಲಿದ್ದಾಗ್ಲೂ ಗೆರೆ ಹೀಗೇ ಮೇಲೆ ಬಳಿದಿದ್ನಲ್ಲ." ಅಕ್ಕ ಮೊಣಕಾಲಿಗೆ ಪಟ್ಟಿ ಬಿಗಿದು, ಕಟ್ಟೆಯ ಮೇಲೆ ಸ್ಟೂಲು ಹಾಕಿಕೊಂಡು ಕೂತಳು. "ಇಳಿಸಿ" ಎಂದಳು.

ಮೂರು ದಿನ ಇಳಿಸಿದೆವು. ಸೇದಿ ಕೊಡುವವರು ಭಾವ, ಹೊರುವವಳು ಸೊಂಟನೋವಿನ ನಾನು, ತೀರ್ಪು ಅಕ್ಕನದು.

"ಇದೇನು?"

"ನೀರಿನ ಪಂಪು."

"ಒಳಗೊಂದಿದೆಯಲ್ಲ?"

"ಇದು ಅದಕ್ಕೆ ಬದಲಿ."

"ಮತ್ತೆ ಅದು?"

"ಬದಲಿಗೆ ಬದಲಿ."

"ರೀ, ಆ ಪೆಟ್ಟಿಗೇಲಿ ನನಗೂ ಒಬ್ಬಳು ಬದಲಿ ಇಟ್ಟಿದ್ದೀರಾ?"

ಭಾವ ಪೆಟ್ಟಿಗೆಯೊಳಗಿಂದ ತಲೆಯೆತ್ತಿ, ತಮಾಷೆಯ ಸುಳಿವೇ ಇಲ್ಲದೆ, "ಇಲ್ಲ ಕಣೇ. ಅದೊಂದು ಎಲ್ಲೂ ಸಿಗಲ್ಲ" ಎಂದರು. ಅಕ್ಕ ಮೊಣಕಾಲಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದಳು. ಆಮೇಲೆ, "ಎರಡೂ ಇಳಿಸಿ" ಎಂದಳು.

ಐದು ಲಂಗರುಗಳಲ್ಲಿ ಮೂರು, ಉಕ್ಕಿನ ಹಗ್ಗದ ಏಳು ಸುರುಳಿ, ಇಡೀ ಒಂದು ಎಂಜಿನ್ನಿನ ಬಿಡಿ ಅಂಗಾಂಗ, ತಗಡು, ಸರಪಳಿ, ಯಾವುದರದೆಂದು ಅವರಿಗೇ ಮರೆತುಹೋದ ಮುಚ್ಚಳಗಳು. ನಾಲ್ಕು ಬೆರಳು ಮೂರಾಯಿತು, ಎರಡಾಯಿತು. ಕೊನೆಗೆ ಭಾವ, ನಕಾಶೆ ಮೇಜಿನ ಮುಂದೆ ತಿರುಪು ಹಾಕಿ ಕೂರಿಸಿದ್ದ ಶಾಲೆಯ ಆ ಕುರ್ಚಿಯನ್ನೂ ಬಿಚ್ಚಿ ತಂದರು. ಅದರ ಮೇಲೆ ಅವರ ಪ್ಯಾಂಟಿನ ಅಂಗೈಯಗಲ ಬಟ್ಟೆ ಇನ್ನೂ ಕಚ್ಚಿಕೊಂಡಿತ್ತು. ಅಕ್ಕ ಅದನ್ನು ಸವರಿ ನೋಡಿ, "ಇದು ಇರ್ಲಿ. ಅದರ ಬದಲು ಆ ಸರಪಳಿ ಉಳಿದಿದ್ದೂ ತೆಗೀರಿ" ಎಂದಳು. ಮೂರನೆಯ ದಿನ ಮಧ್ಯಾಹ್ನ, ಒದ್ದೆ ದಾರದಷ್ಟು ಸಪೂರವಾಗಿ ನೀಲಿ ಗೆರೆ ನೀರಿನಿಂದ ತಲೆಯೆತ್ತಿತು. ಸಹಿ ಬಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಚುಕ್ಕಾಣಿ ಹಿಡಿದು ನಿಂತಿದ್ದಳು, ಮೊಣಕಾಲಿಗೆ ಪಟ್ಟಿ, ತಲೆಗೆ ಟೋಪಿ, ಮುಖದಲ್ಲಿ ನಾನು ಎಂದೂ ಕಾಣದ ಅವಸರ. ಕಟ್ಟೆಯ ಮೇಲೆ ಗುಡ್ಡೆ ಬಿದ್ದಿದ್ದ ತಮ್ಮ ಹನ್ನೊಂದು ವರ್ಷಗಳನ್ನು ಭಾವ ನೋಡುತ್ತಿದ್ದರು. ನನ್ನ ಸಿಟ್ಟೆಲ್ಲ ಆಗ ಎಲ್ಲಿ ಹೋಯಿತೋ. ಈ ಬಗೆಯ ಮನುಷ್ಯರನ್ನು ನಾವು ಸುಮ್ಮನೆ ಜರೆಯುತ್ತೇವೆ ಅನಿಸಿತು. ಪ್ರೀತಿಸುವವರಿಗೆ ಬರಬಹುದಾದ ಆಪತ್ತನ್ನೆಲ್ಲ ಮುಂಚಿತವಾಗಿ ಊಹಿಸಿ, ಒಂದೊಂದಕ್ಕೂ ಒಂದೊಂದು ಬೋಲ್ಟು ಕೂಡಿಡುವವರು ಇವರು. ಇವರ ಮಮತೆಯ ಭಾಷೆ ಮಾತಲ್ಲ, ಬಿಡಿಭಾಗ. ಇವರು ಹೊರಡಲು ತಡಮಾಡುವುದು ಆಲಸ್ಯದಿಂದಲ್ಲ, ಅಂಜಿಕೆಯಿಂದ, ಆ ಅಂಜಿಕೆಯೂ ತಮಗಾಗಿ ಅಲ್ಲ. ಕಟ್ಟೆಯಂಚಿಗೆ ಹೋಗಿ ಕೇಳಿದೆ: "ಭಾವ, ಎಲ್ಲಾ ಇಲ್ಲೇ ಬಿಟ್ಟು ಹೊರಟಿದ್ದೀರಿ. ನಡು ಸಮುದ್ರದಲ್ಲಿ ಏನಾದ್ರೂ ಮುರಿದುಹೋದ್ರೆ?"

ಭಾವ ಹಗ್ಗ ಬಿಚ್ಚಿ ದೋಣಿಗೆ ಎಸೆದು, ಕತ್ತು ಬಗ್ಗಿಸಿ ಹತ್ತುತ್ತ, ನನ್ನ ದಡ್ಡತನಕ್ಕೆ ಮರುಗುವವರಂತೆ ತಿರುಗಿ ನೋಡಿದರು.

"ಮುರೀಲೇಬೇಕಲ್ಲಮ್ಮ. ಇಲ್ಲಾಂದ್ರೆ ಅಷ್ಟು ದಿನ ನಾನೇನ್ ಮಾಡ್ಲಿ, ನೀರು ನೋಡ್ತಾ ಕೂತಿರ್ಲಾ?"